ಗಾಯ ಹಿಂದಲೆಯಲ್ಲಿ, ರಕ್ತ ಹಣೆಯ ಹಿಂದೆ: ಚಿಕ್ಕಪ್ಪನವರ ಮರಣೋತ್ತರ ವರದಿಯನ್ನು ಓದುವುದು ಹೇಗೆ?

ಹನುಮಂತನಗರದ ನಿವಾಸಿ

ವೈದ್ಯರು, ವಕೀಲರು ಮತ್ತು ಇಂಥ ವರದಿಗಳನ್ನು ಓದಿ ಅಭ್ಯಾಸವಿರುವವರಲ್ಲಿ ಒಂದು ವಿನಂತಿ. ನಮ್ಮ ಚಿಕ್ಕಪ್ಪ ಇತ್ತೀಚೆಗೆ ತೀರಿಕೊಂಡರು. ವಯಸ್ಸು 58, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದರು ಎಂಬುದನ್ನು ಬಿಟ್ಟರೆ ಬೇರೆ ಕಾಯಿಲೆ ಇರಲಿಲ್ಲ. 30×40 ನಿವೇಶನದ ಮನೆ. ಕೆಳಗೆ ಅವರು, ಮೇಲೆ ಬಾಡಿಗೆಯವರು, ಹೊರಗಡೆಯಿಂದ ಹತ್ತಲು ಸಾದರಹಳ್ಳಿ ಕಲ್ಲಿನ ಕಿರಿದಾದ ಮೆಟ್ಟಿಲು. ಟ್ಯಾಂಕು ತುಂಬಿತೇ ಎಂದು ನೋಡಲು ಮುಂಜಾನೆ ಮಹಡಿಗೆ ಹೋಗುವುದು ಅವರ ಅಭ್ಯಾಸ. ಆ ದಿನ ಬೆಳಿಗ್ಗೆ ಆರು ಗಂಟೆಗೆ ಚಿಕ್ಕಮ್ಮ ಬಾಗಿಲಿಗೆ ನೀರು ಹಾಕಲು ಬಂದಾಗ ಅವರು ಮೆಟ್ಟಿಲ ಬುಡದಲ್ಲಿ ಅಂಗಾತ ಬಿದ್ದಿದ್ದರು. ಆಸ್ಪತ್ರೆಗೆ ಸೇರಿಸಿದ ಮೂರನೆಯ ದಿನ ಪ್ರಾಣ ಹೋಯಿತು. ಠಾಣೆಯಲ್ಲಿ ಯುಡಿಆರ್ (ಅಸ್ವಾಭಾವಿಕ ಸಾವಿನ ವರದಿ) ದಾಖಲಾಗಿದೆ.

ನಮ್ಮನ್ನು ಕಾಡುತ್ತಿರುವುದು ಎರಡು ಸಂಗತಿಗಳು. ಎರಡನೆಯ ದಿನ ನಾವು ನೋಡಿದಾಗ ಅವರ ಎರಡೂ ಕಣ್ಣುಗಳ ಸುತ್ತ ನೇರಳೆ ಬಣ್ಣ ಕಟ್ಟಿತ್ತು, ಯಾರೋ ಗುದ್ದಿದ ಹಾಗೆ. ಮರಣೋತ್ತರ ವರದಿಯಲ್ಲಿ ಹಿಂದಲೆಯಲ್ಲಿ 4 ಸೆಂ.ಮೀ. ಉದ್ದದ ಸೀಳುಗಾಯ, ಅದರ ಕೆಳಗೆ ಮೂಳೆಯಲ್ಲಿ ಗೆರೆಯಂಥ ಬಿರುಕು ಎಂದಿದೆ. ಆದರೆ ಮೆದುಳಿನಲ್ಲಿ ರಕ್ತ ಕಟ್ಟಿರುವುದು ಮುಂಭಾಗದ ಎರಡೂ ಹಾಲೆಗಳ ತುದಿಯಲ್ಲಿ ಮತ್ತು ಎರಡೂ ಪಕ್ಕದ ಹಾಲೆಗಳ ತುದಿಯಲ್ಲಿ ಎಂದಿದೆ. ಹಿಂದೆ ಪೆಟ್ಟಾದರೆ ಮುಂದೆ ರಕ್ತ ಏಕೆ ಕಟ್ಟಬೇಕು? ಬಾಡಿಗೆಯವರೊಂದಿಗೆ ಎರಡು ತಿಂಗಳಿಂದ ಮಾತಿಗೆ ಮಾತು ಬೆಳೆದಿತ್ತು. ಮುಂದಿನಿಂದ ಹೊಡೆದು ಕೆಡವಿದ್ದಾರೆ ಎಂಬ ಅನುಮಾನ ಮನೆಯವರೆಲ್ಲರಲ್ಲಿದೆ. ನಿರಪರಾಧಿಯ ಮೇಲೆ ದೂರು ಕೊಡುವುದು ನನಗೆ ಬೇಡ. ಹಾಗೆಂದು ಸುಮ್ಮನಿರುವುದೂ ಆಗುತ್ತಿಲ್ಲ.

ರಾಜಾಜಿನಗರದ ಓದುಗ

ನಿಮ್ಮ ದುಃಖದಲ್ಲಿ ನಾವೂ ಭಾಗಿಗಳು. ನಾನು ವೈದ್ಯನಲ್ಲ, ಆದರೆ ಒಂದು ನಿಯಮವನ್ನು ಓದಿದ್ದೇನೆ: ಟೋಪಿಯ ಅಂಚು ತಲೆಯನ್ನು ಸುತ್ತುವ ಗೆರೆಗಿಂತ ಮೇಲೆ ಗಾಯವಿದ್ದರೆ ಅದು ಹೊಡೆತ, ಕೆಳಗಿದ್ದರೆ ಬಿದ್ದದ್ದು. ನಿಮ್ಮ ಚಿಕ್ಕಪ್ಪನವರ ಗಾಯ ಆ ಗೆರೆಗಿಂತ ಮೇಲಿದೆಯೇ ಎಂಬುದನ್ನು ನೋಡಿ. ಮೇಲಿದ್ದರೆ ತಡ ಮಾಡದೆ ದೂರು ಕೊಡಿ. ಎರಡೂ ಕಣ್ಣು ಕಪ್ಪಾಗಿರುವುದೇ ಅರ್ಧ ಸಾಕ್ಷಿ.

ನಿವೃತ್ತ ನ್ಯಾಯವೈದ್ಯಶಾಸ್ತ್ರ ಅಧ್ಯಾಪಕ, ಜಯನಗರ

ದಯವಿಟ್ಟು ಮೇಲಿನ ಸಲಹೆಯಂತೆ ಅವಸರಪಡಬೇಡಿ. ಮೂರು ದಶಕ ಶವಾಗಾರದಲ್ಲಿ ಕೆಲಸ ಮಾಡಿದವನಾಗಿ ಹೇಳುತ್ತೇನೆ: ನೀವು ವಿವರಿಸಿದ ಚಿತ್ರ, ಅಂದರೆ ಗಾಯ ಹಿಂದೆ ಮತ್ತು ಮೆದುಳಿನ ಮೂಗೇಟು ಮುಂದೆ, ನಮ್ಮ ಶಾಸ್ತ್ರದಲ್ಲಿ ಅತ್ಯಂತ ಪರಿಚಿತವಾದದ್ದು. ಅದು ಮುಂದಿನಿಂದ ಹೊಡೆದ ಗುರುತಲ್ಲ. ಚಲಿಸುತ್ತಿದ್ದ ತಲೆಯು ಅಲುಗದ ಗಟ್ಟಿ ಮೇಲ್ಮೈಗೆ ಅಪ್ಪಳಿಸಿದಾಗ ಹೀಗಾಗುತ್ತದೆ.

ನಿಂತ ತಲೆಗೆ ದೊಣ್ಣೆಯೋ ಸುತ್ತಿಗೆಯೋ ಬಂದು ಬಡಿದರೆ, ಬಡಿದ ಜಾಗದಲ್ಲಿ ಮೂಳೆ ಒಳಕ್ಕೆ ಬಾಗಿ, ಅದರ ನೇರ ಕೆಳಗಿರುವ ಮೆದುಳು ಜಜ್ಜುತ್ತದೆ. ಇದನ್ನು ನಾವು ‘ಕೂ’ ಗಾಯ ಎನ್ನುತ್ತೇವೆ. ಮನುಷ್ಯ ಅಂಗಾತ ಬಿದ್ದು ಹಿಂದಲೆ ಕಲ್ಲಿಗೆ ಬಡಿದರೆ, ಬುರುಡೆ ಥಟ್ಟನೆ ನಿಲ್ಲುತ್ತದೆ, ಒಳಗಿನ ಮೆದುಳು ನಿಲ್ಲುವುದಿಲ್ಲ. ಪೆಟ್ಟು ಬಿದ್ದ ಬದಿಗೆ ಎದುರಾದ ತುದಿಯಲ್ಲಿ ಕ್ಷಣಮಾತ್ರ ಒತ್ತಡ ಕುಸಿದು ಸಣ್ಣ ರಕ್ತನಾಳಗಳು ಹರಿಯುತ್ತವೆ. ಜೊತೆಗೆ ಮುಂಭಾಗದ ಹಾಲೆಗಳು ಕಣ್ಣುಗೂಡಿನ ಛಾವಣಿಯ ಒರಟು ಮೂಳೆಯ ಮೇಲೆ ಉಜ್ಜಿಕೊಳ್ಳುತ್ತವೆ. ಇದು ‘ಕಾಂಟ್ರಕೂ’. ಇದಕ್ಕೆ ಒಂದು ಕುತೂಹಲದ ಬದಿಯಿದೆ. ಹಿಂದಲೆಗೆ ಪೆಟ್ಟಾದಾಗ ಮುಂದೆ ಜಜ್ಜುವುದು ಸಾಮಾನ್ಯ. ಆದರೆ ಹಣೆಯ ಮೇಲೆ ಬಿದ್ದವರಲ್ಲಿ ಹಿಂಭಾಗದ ಹಾಲೆಗಳು ಜಜ್ಜುವುದು ಅಪರೂಪ, ಏಕೆಂದರೆ ಬುರುಡೆಯ ಹಿಂಭಾಗದ ಒಳಮೈ ನುಣುಪಾಗಿದೆ. ಮುಂಭಾಗದ ನೆಲವನ್ನು ಒಮ್ಮೆ ಬೆರಳಿನಿಂದ ಸವರಿ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಅಲ್ಲಿಯ ಮೂಳೆ ಏರುತಗ್ಗಿನದು, ನಡುವೆ ಎದ್ದ ಅಂಚು ಚೂಪಾದದ್ದು. ವಿದ್ಯಾರ್ಥಿಗಳಿಗೆ ನಾನು ಒಣಗಿದ ಬುರುಡೆಯನ್ನು ಕೈಗೆ ಕೊಟ್ಟು, ಕಣ್ಣು ಮುಚ್ಚಿ ಒಳಗೆ ಬೆರಳಾಡಿಸಲು ಹೇಳುತ್ತಿದ್ದೆ.

ಇನ್ನು ಕಣ್ಣಿನ ಸುತ್ತಲಿನ ನೇರಳೆ. ಅದಕ್ಕೆ ಮೂರು ದಾರಿಗಳಿವೆ: ನೇರ ಗುದ್ದು, ಹಣೆಯ ಮೇಲಿನ ಗಾಯದ ರಕ್ತ ನೆತ್ತಿಯ ಚರ್ಮದ ಕೆಳಗಿನ ಸಡಿಲ ಪದರದಲ್ಲಿ ಜಾರಿ ರೆಪ್ಪೆಗೆ ಇಳಿಯುವುದು, ಕಣ್ಣುಗೂಡಿನ ಛಾವಣಿಯ ಮೂಳೆ ಬಿರಿದು ಒಳಗಿನಿಂದ ರಕ್ತ ಜಿನುಗುವುದು. ಮೂರನೆಯದು ಹಿಂದಲೆಯ ಮೇಲೆ ಬಿದ್ದವರಲ್ಲಿ ಆಗುತ್ತದೆ, ಕಣ್ಣಿನ ಬಳಿ ಯಾರೂ ಮುಟ್ಟದೆಯೇ ಆಗುತ್ತದೆ. ಗುದ್ದಿನಿಂದಾದರೆ ಹುಬ್ಬಿನ ಮೇಲೋ ಕೆನ್ನೆಯ ಮೂಳೆಯ ಮೇಲೋ ತರಚು, ಊತ, ಮೂಗಿನ ಸೇತುವೆಯಲ್ಲಿ ಗಾಯ ಸಾಮಾನ್ಯವಾಗಿ ಇರುತ್ತವೆ, ಮತ್ತು ಊತ ಬೇಗ ಏರುತ್ತದೆ. ಮೂಳೆ ಬಿರಿದು ಬಂದದ್ದಾದರೆ ಕೆಲವು ಗಂಟೆಗಳ ನಂತರ, ಕೆಲವೊಮ್ಮೆ ಮರುದಿನ ಎದ್ದು ಕಾಣುತ್ತದೆ. ಹೊರಚರ್ಮದಲ್ಲಿ ತರಚು ಇರುವುದಿಲ್ಲ. ಕಣ್ಣಿನ ಬಿಳಿಭಾಗದ ರಕ್ತದ ಕಲೆಗೆ ಹಿಂದಿನ ಅಂಚು ಸಿಗುವುದಿಲ್ಲ. ನೀವು ಎರಡನೆಯ ದಿನ ನೋಡಿದೆವು ಎಂದಿದ್ದೀರಿ. ಮೊದಲ ದಿನ ಅದು ಇತ್ತೇ ಎಂದು ದಾದಿಯರನ್ನು ಕೇಳಿ. ವರದಿಯಲ್ಲಿ ‘ಮುಂಭಾಗದ ಕಪಾಲಕುಳಿ’ (ಬುರುಡೆಯ ತಳದ ಮುಂದಿನ ತಗ್ಗು) ಎಂಬ ಸಾಲಿನಲ್ಲಿ ಬಿರುಕು ನಮೂದಾಗಿದೆಯೇ ಎಂದೂ ನೋಡಿ. ಮೆದುಳನ್ನು ತೆಗೆದ ಮೇಲೆ ಬುರುಡೆಯ ತಳಕ್ಕೆ ಅಂಟಿಕೊಂಡ ಡ್ಯೂರಾ ಪೊರೆಯನ್ನು, ಅಂದರೆ ಮೆದುಳಿನ ಹೊರಹೊದಿಕೆಯನ್ನು, ಸುಲಿಯದೆ ಬಿಟ್ಟರೆ ಆ ಬಿರುಕು ಕಣ್ಣಿಗೆ ಬೀಳುವುದೇ ಇಲ್ಲ. ಆದ್ದರಿಂದ ಬರೆದಿಲ್ಲವೆಂದ ಮಾತ್ರಕ್ಕೆ ಇರಲಿಲ್ಲವೆಂದು ಹೇಳಲಾಗದು.

ಟೋಪಿಯ ಅಂಚಿನ ನಿಯಮದ ಬಗ್ಗೆ: ಅದು ಸಮತಟ್ಟಾದ ನೆಲದ ಮೇಲೆ, ನಿಂತ ಎತ್ತರದಿಂದ ಬಿದ್ದವರಿಗೆ ಮಾತ್ರ ಹೊಂದುವ ಸ್ಥೂಲ ಸೂಚನೆ. ಮೆಟ್ಟಿಲಿನ ಮೇಲೆ ಬಿದ್ದವರಿಗೆ ಅದನ್ನು ಅನ್ವಯಿಸಲೇಬಾರದು. ಹಿಂದಲೆಯಲ್ಲಂತೂ ಆ ಗೆರೆ ಯಾವ ಕಡೆಗೂ ಖಚಿತವಾಗಿ ಹೇಳುವುದಿಲ್ಲ.

ಆದರೆ ಒಂದು ಮಾತನ್ನು ದಪ್ಪಕ್ಷರದಲ್ಲಿ ಬರೆದುಕೊಳ್ಳಿ. ಮೆದುಳಿನ ಮೂಗೇಟು ತಲೆ ಹೇಗೆ ಬಡಿಯಿತು ಎಂಬುದನ್ನು ಹೇಳುತ್ತದೆ. ಮನುಷ್ಯ ಏಕೆ ಬಿದ್ದ ಎಂಬುದನ್ನು ಹೇಳುವುದಿಲ್ಲ. ಜಾರಿ ಬಿದ್ದರೂ, ತಲೆ ಸುತ್ತಿ ಬಿದ್ದರೂ, ಎದೆಗೆ ಕೈಯಿಟ್ಟು ತಳ್ಳಿದರೂ ಹಿಂದಲೆಗೆ ಸಿಗುವ ಪೆಟ್ಟು ಒಂದೇ. ನಿಮ್ಮ ಅನುಮಾನಕ್ಕೆ ಉತ್ತರ ಮೆದುಳಿನಲ್ಲಿಲ್ಲ. ಎದೆ, ಮೇಲ್ದೋಳು, ಅಂಗೈ, ಅಂಗಿಯ ಗುಂಡಿ, ಮೆಟ್ಟಿಲು, ಇವುಗಳಲ್ಲಿದೆ.

ಸ್ನಾತಕೋತ್ತರ ವಿದ್ಯಾರ್ಥಿ, ಕೆ.ಆರ್. ಮಾರುಕಟ್ಟೆ ಬಳಿ

ಸರ್, ನಿಮ್ಮ ವಿವರಣೆಗೆ ಕೃತಜ್ಞ. ಒಂದು ಸಂದೇಹ. ಮೊದಲು ದೊಣ್ಣೆಯಿಂದ ಹಿಂದಲೆಗೆ ಹೊಡೆದು, ಆಮೇಲೆ ಆತ ಬಿದ್ದು ಅದೇ ಹಿಂದಲೆ ಕಲ್ಲಿಗೆ ಬಡಿದಿದ್ದರೆ? ಆಗ ಕೂ ಮತ್ತು ಕಾಂಟ್ರಕೂ ಎರಡೂ ಬೆರೆತು ಹೋಗುವುದಿಲ್ಲವೇ?

ನಿವೃತ್ತ ನ್ಯಾಯವೈದ್ಯಶಾಸ್ತ್ರ ಅಧ್ಯಾಪಕ, ಜಯನಗರ

ಒಳ್ಳೆಯ ಪ್ರಶ್ನೆ, ಮತ್ತು ನ್ಯಾಯಾಲಯದಲ್ಲಿ ಪ್ರತಿವಾದಿ ವಕೀಲರು ಮೊದಲು ಕೇಳುವ ಪ್ರಶ್ನೆಯೂ ಹೌದು. ಎರಡು ಪೆಟ್ಟುಗಳಿದ್ದರೆ ಮೂರು ಕಡೆ ಹುಡುಕಬೇಕು.

ಮೊದಲನೆಯದು ಚರ್ಮ. ನೆತ್ತಿಯ ಚರ್ಮ ಮೂಳೆಗೆ ಹತ್ತಿಕೊಂಡೇ ಇರುವುದರಿಂದ ಮೊಂಡು ಪೆಟ್ಟಿಗೂ ಅದು ಚಾಕುವಿನಿಂದ ಕೊಯ್ದಂತೆ ನೇರವಾಗಿ ಸೀಳುತ್ತದೆ. ತುರ್ತು ವಿಭಾಗದ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣಗಳ) ಪುಸ್ತಕಗಳಲ್ಲಿ ಸೀಳುಗಾಯವನ್ನು ಕೊಯ್ದ ಗಾಯವೆಂದು ಬರೆದು, ಮುಂದೆ ಮಚ್ಚು ಎಲ್ಲಿಂದ ಬಂತು ಎಂದು ಎಲ್ಲರೂ ತಲೆ ಕೆಡಿಸಿಕೊಂಡ ಪ್ರಕರಣಗಳನ್ನು ನಾನು ನೋಡಿದ್ದೇನೆ. ಗಾಯವನ್ನು ನೀರಿನಿಂದ ತೊಳೆದು, ಅಂಚುಗಳನ್ನು ಬಿಡಿಸಿ, ಭೂತಗನ್ನಡಿ ಹಿಡಿದು ಆಳವನ್ನು ನೋಡಬೇಕು. ಸೀಳುಗಾಯವಾದರೆ ಒಂದು ದಡದಿಂದ ಇನ್ನೊಂದು ದಡಕ್ಕೆ ನೂಲಿನೆಳೆಯಂಥ ಅಂಗಾಂಶದ ಸೇತುವೆಗಳು ಉಳಿದಿರುತ್ತವೆ, ಕೂದಲಿನ ಬುಡಗಳು ಜಜ್ಜಿರುತ್ತವೆ, ಅಂಚಿನಲ್ಲಿ ಸಣ್ಣ ತರಚು ಇರುತ್ತದೆ. ಕೊಯ್ದ ಗಾಯದಲ್ಲಿ ಕೂದಲು ಕತ್ತರಿಸಿರುತ್ತದೆ, ಸೇತುವೆ ಇರುವುದಿಲ್ಲ. ಕಲ್ಲಿನ ಮೇಲೆ ಬಿದ್ದಿದ್ದರೆ ಬೂದುಬಣ್ಣದ ಹರಳು, ಸಿಮೆಂಟಿನ ಪುಡಿ, ಪಾಚಿಯ ಚೂರು ಸಿಕ್ಕರೂ ಸಿಗಬಹುದು.

ಎರಡನೆಯದು ಚರ್ಮದ ಒಳಮೈ. ಒಂದು ಕಿವಿಯ ಹಿಂದಿನಿಂದ ನೆತ್ತಿಯ ಮೇಲೆ ಹಾಯ್ದು ಇನ್ನೊಂದು ಕಿವಿಯ ಹಿಂದಕ್ಕೆ ಕೊಯ್ದು, ಚರ್ಮವನ್ನು ಮುಂದಕ್ಕೂ ಹಿಂದಕ್ಕೂ ಮಡಿಚಿದಾಗ, ಹೊರಗೆ ಕಾಣದ ಮೂಗೇಟುಗಳು ಒಳಗೆ ಕಡುಗೆಂಪು ಕಲೆಗಳಾಗಿ ಎದ್ದು ಕಾಣುತ್ತವೆ. ದಟ್ಟ ಕೂದಲಿನ ಕೆಳಗೆ ನಾಲ್ಕು ಪೆಟ್ಟುಗಳು ಅಡಗಿ, ಹೊರಗೆ ಒಂದೇ ಗಾಯ ಕಾಣುವುದುಂಟು. ಒಂದೇ ಬೀಳಾಟಕ್ಕೆ ಸಾಮಾನ್ಯವಾಗಿ ಒಂದೇ ಮುಖ್ಯ ಕಲೆ. ಬೇರೆ ಬೇರೆ ದಿಕ್ಕಿನಲ್ಲಿ ಹಲವು ಕಲೆಗಳಿದ್ದರೆ ಪ್ರಶ್ನೆಗಳು ಏಳುತ್ತವೆ. ಮೆಟ್ಟಿಲಿನಲ್ಲಿ ಉರುಳಿದವರಿಗೂ ಹಲವು ಪೆಟ್ಟುಗಳಾಗಬಹುದು ಎಂಬುದನ್ನು ಮರೆಯಬಾರದು.

ಮೂರನೆಯದು ಮೂಳೆ. ಅಗಲವಾದ ನೆಲಕ್ಕೆ ಬಡಿದರೆ ಗೆರೆಯಂಥ ಬಿರುಕು. ಸುತ್ತಿಗೆಯಂಥ ಸಣ್ಣ ಮುಖದ ಆಯುಧವಾದರೆ ಮೂಳೆ ಒಳಕ್ಕೆ ಕುಸಿದು, ಕೆಲವೊಮ್ಮೆ ಆಯುಧದ ಆಕಾರವನ್ನೇ ಅಚ್ಚೊತ್ತಿಕೊಳ್ಳುತ್ತದೆ. ಒಳಪದರ ಹೊರಪದರಕ್ಕಿಂತ ಅಗಲವಾಗಿ ಒಡೆಯುತ್ತದೆ. ಎರಡು ಬಿರುಕುಗಳಿದ್ದರೆ, ಎರಡನೆಯ ಪೆಟ್ಟಿನ ಬಿರುಕು ಮೊದಲನೆಯದನ್ನು ದಾಟುವುದಿಲ್ಲ, ಅಲ್ಲಿಗೆ ಬಂದು ನಿಲ್ಲುತ್ತದೆ. ಇದು ಪುಪ್ಪೆಯ ನಿಯಮ. ಯಾವ ಪೆಟ್ಟು ಮೊದಲು ಎಂದು ಹೇಳಲು ಇಷ್ಟು ಸರಳವಾದ, ಇಷ್ಟು ನಂಬಬಹುದಾದ ಇನ್ನೊಂದು ಗುರುತನ್ನು ನಾನು ಕಂಡಿಲ್ಲ.

ತುರ್ತು ವಿಭಾಗದ ದಾದಿ, ಹೊಸೂರು ರಸ್ತೆ

ವೈದ್ಯರ ಮಾತಿಗೆ ನನ್ನ ಅನುಭವದಿಂದ ಒಂದೆರಡು ಸಂಗತಿ ಸೇರಿಸುತ್ತೇನೆ. ತಲೆಗೆ ಪೆಟ್ಟಾದವರನ್ನು ಕರೆತಂದಾಗ ಅವರಿಗೆ ಎಚ್ಚರ ಎಷ್ಟಿದೆ ಎಂದು ಅಳೆಯುವ ಗ್ಲಾಸ್ಗೋ ಕೋಮಾ ಅಂಕವನ್ನು ನಾವು ಬರೆಯುತ್ತೇವೆ. 1974ರಲ್ಲಿ ಬಂದ ಈ ಅಳತೆಯಲ್ಲಿ ಕನಿಷ್ಠ 3, ಗರಿಷ್ಠ 15. 8 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ತೀವ್ರ. ಆಸ್ಪತ್ರೆಯ ಕಡತದಲ್ಲಿ ಆ ಮೊದಲ ಅಂಕ ಮತ್ತು ಸಮಯ ಇರುತ್ತದೆ. ಅದನ್ನು ಕೇಳಿ ಪಡೆಯಿರಿ.

ನನಗೆ ಇಂದಿಗೂ ಮರೆಯಲಾಗದವರು ಮಾತಾಡುತ್ತಾ ಬಂದವರು. ಕ್ರಿಕೆಟ್ ಚೆಂಡು ಕಣತಲೆಗೆ ತಗುಲಿದ ಹುಡುಗನೊಬ್ಬ, ಒಂದು ನಿಮಿಷ ಮಂಕಾಗಿ, ಮತ್ತೆ ಎದ್ದು ಕುಳಿತು, ಮನೆಗೆ ಹೋಗಿ ಕಾಫಿ ಕುಡಿದು, ತಲೆನೋವೆಂದು ಮಲಗಿದ. ಸಂಜೆ ಎಬ್ಬಿಸಿದರೆ ಏಳಲಿಲ್ಲ. ಕಣತಲೆಯ ಮೂಳೆ ತೆಳ್ಳಗಿದ್ದು, ಅದರ ಒಳಮೈಯಲ್ಲೇ ಹಾಯುವ ಅಪಧಮನಿ ಹರಿದರೆ ಬುರುಡೆಗೂ ಪೊರೆಗೂ ನಡುವೆ ರಕ್ತ ತುಂಬುತ್ತಾ ಹೋಗುತ್ತದೆ. ತುಂಬುವ ತನಕ ಮನುಷ್ಯ ಚೆನ್ನಾಗಿಯೇ ಕಾಣುತ್ತಾನೆ. ಸಮಯಕ್ಕೆ ಸರಿಯಾಗಿ ಬುರುಡೆ ತೆರೆದು ಆ ರಕ್ತವನ್ನು ತೆಗೆದರೆ ಪೂರ್ತಿ ಚೇತರಿಸಿಕೊಳ್ಳುವವರಿದ್ದಾರೆ. ಆ ಹುಡುಗನಿಗೆ ಆ ಸಮಯ ಸಿಗಲಿಲ್ಲ. ತಲೆಗೆ ಪೆಟ್ಟಾದವರು ವಾಂತಿ ಮಾಡಿಕೊಂಡರೆ, ಮಂಪರಿಗೆ ಜಾರಿದರೆ, ‘ಮಲಗಲಿ ಬಿಡು’ ಎನ್ನಬೇಡಿ ಎಂದು ಮನೆಯವರಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ನಿವೃತ್ತ ಎಎಸ್‌ಐ, ಮಾಗಡಿ ರಸ್ತೆ

ಶವ ಪಂಚನಾಮೆಗಳನ್ನು ಬರೆದ ಅನುಭವದಿಂದ ಹೇಳುತ್ತಿದ್ದೇನೆ. ಯುಡಿಆರ್ ಎಂದರೆ ತನಿಖೆ ಮುಗಿಯಿತು ಎಂದಲ್ಲ, ತನಿಖೆ ಆರಂಭವಾಯಿತು ಎಂದು. ಮೆಟ್ಟಿಲ ಪ್ರಕರಣದಲ್ಲಿ ನಾವು ನೋಡುತ್ತಿದ್ದವು ಇವು: ಯಾವ ಮೆಟ್ಟಿಲಿನ ಅಂಚಿನಲ್ಲಿ ಕೂದಲು ಅಥವಾ ರಕ್ತ ಅಂಟಿದೆ, ರಕ್ತದ ಹನಿಗಳು ಗೋಡೆಯ ಮೇಲೆ ಎಷ್ಟು ಎತ್ತರದಲ್ಲಿವೆ, ಚಪ್ಪಲಿ ಎಲ್ಲಿ ಕಳಚಿಬಿದ್ದಿದೆ, ಅದರ ಅಟ್ಟೆ ಸವೆದಿದೆಯೇ, ಟ್ಯಾಂಕಿನ ನೀರು ಉಕ್ಕಿ ಮೆಟ್ಟಿಲು ನೆನೆದಿತ್ತೇ, ಬೆಳಕಿತ್ತೇ. ಗೋಡೆಯ ಮೇಲೆ ಎದೆಮಟ್ಟದಲ್ಲಿ ಸಿಡಿದ ರಕ್ತ ಕಂಡರೆ ನಾವು ಕೂಡಲೇ ಮೇಲಧಿಕಾರಿಗೆ ತಿಳಿಸುತ್ತಿದ್ದೆವು, ಏಕೆಂದರೆ ಬಿದ್ದು ಆದ ಮೊದಲ ಗಾಯ ಅಷ್ಟು ಎತ್ತರಕ್ಕೆ ಸಿಡಿಸುವುದಿಲ್ಲ. ಈಗಾಗಲೇ ರಕ್ತ ಬರುತ್ತಿರುವ ತಲೆಗೆ ಮತ್ತೆ ಹೊಡೆದಾಗ ಸಿಡಿಯುತ್ತದೆ.

ದುಃಖದ ಸಂಗತಿಯೆಂದರೆ, ಗಾಯಗೊಂಡವರು ಬದುಕಿರುವಾಗ ಎಲ್ಲರೂ ಆಸ್ಪತ್ರೆಗೆ ಓಡುತ್ತಾರೆ, ಅದು ಸರಿಯೇ. ಅಷ್ಟರಲ್ಲಿ ಮನೆಯ ಹೆಣ್ಣುಮಕ್ಕಳು ರಕ್ತವನ್ನು ನೋಡಲಾಗದೆ ಮೆಟ್ಟಿಲನ್ನು ತೊಳೆದುಬಿಡುತ್ತಾರೆ. ಮೂರನೆಯ ದಿನ ಸಾವಾದ ಮೇಲೆ ನಾವು ಹೋದರೆ ಅಲ್ಲಿ ರಂಗೋಲಿ ಇರುತ್ತದೆ. ನಿಮ್ಮಲ್ಲೂ ಹಾಗಾಗಿರಬಹುದು. ಆದರೆ ಆ ದಿನ ಯಾರಾದರೂ ಮೊಬೈಲಿನಲ್ಲಿ ತೆಗೆದ ಚಿತ್ರ, ಎದುರುಮನೆಯ ಸಿಸಿಟಿವಿ, ಅವರು ತೊಟ್ಟಿದ್ದ ಬಟ್ಟೆ, ಇವುಗಳನ್ನು ಈಗಲೇ ತನಿಖಾಧಿಕಾರಿಗೆ ಬರಹದಲ್ಲಿ ತಿಳಿಸಿ. ಬಟ್ಟೆಯನ್ನು ಒಗೆಯಬೇಡಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ. ಒಣಗಿಸಿ ಕಾಗದದಲ್ಲಿ ಸುತ್ತಿಡಿ. ಅಗತ್ಯ ಬಿದ್ದರೆ ಅದು ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತದೆ.

ವಕೀಲೆ, ಬಸವನಗುಡಿ

ಕಾನೂನಿನ ಭಾಗವನ್ನು ಚಿಕ್ಕದಾಗಿ ಹೇಳುತ್ತೇನೆ. 2024ರ ಜುಲೈ 1ರಿಂದ ಅಸ್ವಾಭಾವಿಕ ಸಾವಿನ ವಿಚಾರಣೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮಿನಡಿ ನಡೆಯುತ್ತದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು 174. ವಿಚಾರಣೆಯಲ್ಲಿ ಅಪರಾಧದ ಸುಳಿವು ಕಂಡರೆ ಎಫ್‌ಐಆರ್ ದಾಖಲಿಸಬೇಕು. ನೀವು ಬಾಡಿಗೆಯವರ ಹೆಸರು ಬರೆದು ಆರೋಪ ಮಾಡಬೇಕಾಗಿಲ್ಲ. ನಿಮ್ಮ ಸಂದೇಹಗಳನ್ನೂ, ಮೇಲೆ ಹೇಳಿದ ವಸ್ತುಗಳನ್ನೂ ಪಟ್ಟಿ ಮಾಡಿ, ಇವುಗಳನ್ನು ಪರಿಶೀಲಿಸಿ ಎಂದು ತನಿಖಾಧಿಕಾರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆದರೆ ಸಾಕು.

ಇನ್ನೊಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ‘ಆಸ್ಪತ್ರೆಯಲ್ಲಿ ಮೂರು ದಿನ ಇದ್ದರು, ಚಿಕಿತ್ಸೆ ಸರಿಯಾಗಿದ್ದರೆ ಬದುಕುತ್ತಿದ್ದರು, ಆದ್ದರಿಂದ ತಳ್ಳಿದವನ ಮೇಲೆ ಸಾವಿನ ಹೊಣೆ ಬರುವುದಿಲ್ಲ’ ಎಂಬ ವಾದ ನಿಲ್ಲುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 100ನೇ ಕಲಮಿನ ವಿವರಣೆಯು, ಸೂಕ್ತ ಚಿಕಿತ್ಸೆಯಿಂದ ಸಾವನ್ನು ತಪ್ಪಿಸಬಹುದಾಗಿದ್ದರೂ, ದೇಹಕ್ಕೆ ಗಾಯ ಮಾಡಿದವನೇ ಸಾವನ್ನು ಉಂಟುಮಾಡಿದವನೆಂದು ಪರಿಗಣಿಸುತ್ತದೆ. ಆದರೆ ಅದು ಕೊಲೆಯೇ, ಕೊಲೆಯಲ್ಲದ ಮಾನವಹತ್ಯೆಯೇ ಅಥವಾ ಅದಕ್ಕಿಂತ ಕಡಿಮೆಯೇ ಎಂಬುದು ಉದ್ದೇಶ ಮತ್ತು ಅರಿವಿನ ಮೇಲೆ ನಿಲ್ಲುತ್ತದೆ. ಅಲ್ಲಿ ವೈದ್ಯರಿಗೆ ಕೇಳುವ ಮುಖ್ಯ ಪ್ರಶ್ನೆ, ಈ ಗಾಯ ಸಹಜ ಗತಿಯಲ್ಲಿ ಸಾವಿಗೆ ಸಾಕಾಗುವಂಥದ್ದೇ ಎಂಬುದು. 1958ರ ವಿರ್ಸಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಪ್ರಕಾರ, ಆ ಗಾಯವನ್ನೇ ಮಾಡುವ ಉದ್ದೇಶವಿತ್ತೆಂದು ಮೊದಲು ತೋರಿಸಬೇಕು. ಒಂದು ತಳ್ಳಾಟದಲ್ಲಿ ಬಿದ್ದು ತಲೆ ಒಡೆದವರ ಪ್ರಕರಣಗಳು ಇಲ್ಲಿಯೇ ಕವಲೊಡೆಯುತ್ತವೆ.

ಯಲಹಂಕದ ತಾಯಿ

ನನ್ನ ಪ್ರಶ್ನೆ ಸ್ವಲ್ಪ ಬೇರೆ, ಆದರೆ ಇದೇ ವಿಷಯದ್ದು. ನನ್ನ ಮಗ ಗೆಳೆಯನ ಬೈಕಿನ ಹಿಂದೆ ಕುಳಿತಿದ್ದ. ತಲೆಯ ಮೇಲೆ ಒಂದು ಗೀರೂ ಇರಲಿಲ್ಲ, ಗದ್ದದ ಕೆಳಗೆ ಮಾತ್ರ ಗಾಯ. ಕಿವಿಯಿಂದ ರಕ್ತ ಬರುತ್ತಿತ್ತು. ‘ತಲೆಗೆ ಪೆಟ್ಟಿನಿಂದ ಸಾವು’ ಎಂದು ಬರೆದಿದ್ದಾರೆ. ತಲೆಗೆ ಪೆಟ್ಟೇ ಆಗಿರಲಿಲ್ಲವಲ್ಲ ಎಂದು ನಾನು ನಾಲ್ಕು ವರ್ಷದಿಂದ ಕೇಳುತ್ತಿದ್ದೇನೆ, ಯಾರೂ ಸರಿಯಾಗಿ ಹೇಳಲಿಲ್ಲ.

ನಿವೃತ್ತ ನ್ಯಾಯವೈದ್ಯಶಾಸ್ತ್ರ ಅಧ್ಯಾಪಕ, ಜಯನಗರ

ಅಮ್ಮ, ನಿಮಗೆ ಇದನ್ನು ಅಂದೇ ಯಾರಾದರೂ ಕುಳಿತು ಹೇಳಬೇಕಿತ್ತು. ಗದ್ದಕ್ಕೆ ಬಿದ್ದ ಬಲವಾದ ಪೆಟ್ಟು ಗದ್ದದಲ್ಲೇ ನಿಲ್ಲುವುದಿಲ್ಲ. ಕೆಳದವಡೆಯ ಎರಡು ತುದಿಗಳು ಕಿವಿಯ ಮುಂದೆ ಬುರುಡೆಯ ತಳಕ್ಕೆ ಕೀಲುಗೊಂಡಿವೆ; ಪೆಟ್ಟಿನ ಬಲ ಆ ದಾರಿಯಲ್ಲಿ ಮೇಲೇರಿ ಬುರುಡೆಯ ತಳವನ್ನು ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಅಡ್ಡಲಾಗಿ ಸೀಳಬಲ್ಲದು. ತಳವು ಬಾಗಿಲಿನ ತಿರುಗಣಿಯಂತೆ ಎರಡು ಭಾಗವಾಗಿ ಅಲುಗುವುದರಿಂದ ಇದಕ್ಕೆ ತಿರುಗಣಿ ಮುರಿತ ಎನ್ನುತ್ತಾರೆ; ದ್ವಿಚಕ್ರ ಸವಾರರಲ್ಲಿ ಹೆಚ್ಚಾಗಿ ಕಾಣುವುದರಿಂದ ಬೈಕ್ ಸವಾರರ ಮುರಿತವೆಂದೂ ಹೆಸರಿದೆ. ಕಿವಿಯಿಂದ ರಕ್ತ ಬರುವುದು ಆ ಸೀಳು ಕಿವಿಯ ಮೂಳೆಯನ್ನು ಹಾಯ್ದ ಗುರುತು. ನೆತ್ತಿಯ ಮೇಲೆ ಗೀರಿಲ್ಲದಿದ್ದರೂ ಅದು ತಲೆಯ ಪೆಟ್ಟೇ. ವರದಿಯಲ್ಲಿ ‘ಮಧ್ಯ ಕಪಾಲಕುಳಿ’ ಎಂಬ ಸಾಲನ್ನು ನೋಡಿ.

ಹಿಂದಿನ ಸವಾರರಿಗೂ ಕರ್ನಾಟಕದಲ್ಲಿ 2016ರ ಜನವರಿಯಿಂದ ಹೆಲ್ಮೆಟ್ ಕಡ್ಡಾಯ. ಹೆಲ್ಮೆಟ್ ಧರಿಸಿದರೆ ಅಪಘಾತದಲ್ಲಿ ಸಾವಿನ ಸಾಧ್ಯತೆ ಸುಮಾರು 42 ಶೇಕಡಾ, ತಲೆಯ ಗಾಯದ ಸಾಧ್ಯತೆ ಸುಮಾರು 69 ಶೇಕಡಾ ಕಡಿಮೆಯಾಗುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಪರಿಶೀಲನೆ ಹೇಳುತ್ತದೆ. ಆದರೆ ಗದ್ದದ ಪಟ್ಟಿ ಬಿಗಿಯದ ಹೆಲ್ಮೆಟ್ ನೆಲ ಮುಟ್ಟುವ ಮೊದಲೇ ಹಾರಿಹೋಗುತ್ತದೆ, ಅರ್ಧ ಟೋಪಿಯಂಥದ್ದು ಗದ್ದವನ್ನು ಕಾಯುವುದೇ ಇಲ್ಲ. ನಿಮ್ಮ ಮಗನ ವಿಷಯದಲ್ಲಿ ಏನಿತ್ತೆಂದು ನಾನು ಕೇಳುವುದಿಲ್ಲ. ವರದಿಯ ಪ್ರತಿಯಿದ್ದರೆ ನನಗೆ ಖಾಸಗಿಯಾಗಿ ಕಳುಹಿಸಿ, ಸಾಲು ಸಾಲಾಗಿ ವಿವರಿಸಿ ಬರೆಯುತ್ತೇನೆ.

ಹನುಮಂತನಗರದ ನಿವಾಸಿ

ಎಲ್ಲರಿಗೂ ನಮಸ್ಕಾರ. ಒಂಬತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಅರ್ಜಿ ಕೊಟ್ಟು ಸ್ವೀಕೃತಿ ಪಡೆದೆ. ಮೆಟ್ಟಿಲನ್ನು ತೊಳೆದಾಗಿತ್ತು, ಎಎಸ್‌ಐ ಅವರು ಹೇಳಿದಂತೆಯೇ. ಆದರೆ ಪಕ್ಕದ ಮನೆಯ ಹುಡುಗ ಆಂಬುಲೆನ್ಸ್ ಬರುವ ಮೊದಲು ತೆಗೆದ ಎರಡು ಚಿತ್ರಗಳಿದ್ದವು: ಮೆಟ್ಟಿಲು ನೆನೆದಿದೆ, ಒಂದು ಚಪ್ಪಲಿ ಕೆಳಗಿನಿಂದ ಐದನೆಯ ಮೆಟ್ಟಿಲಿನಲ್ಲಿದೆ, ಗೋಡೆ ಸ್ವಚ್ಛವಾಗಿದೆ. ಅವನ್ನು ತನಿಖಾಧಿಕಾರಿಗೆ ಕೊಟ್ಟಿದ್ದೇನೆ. ಆಸ್ಪತ್ರೆಯವರು ಶವದೊಂದಿಗೆ ಕಡತವನ್ನಾಗಲಿ ಸಿಟಿ ಸ್ಕ್ಯಾನನ್ನಾಗಲಿ ಕಳುಹಿಸಿರಲಿಲ್ಲ. ಮೂರು ಸಲ ಅಲೆದ ಮೇಲೆ ಪ್ರತಿ ಸಿಕ್ಕಿತು. ಮೊದಲ ನಮೂದು 6.50ಕ್ಕೆ, ಕೋಮಾ ಅಂಕ 4. ಕಣ್ಣಿನ ಸುತ್ತ ಏನೂ ಬರೆದಿಲ್ಲ. ಅಂದು ರಾತ್ರಿ 11ರ ದಾದಿಯರ ಟಿಪ್ಪಣಿಯಲ್ಲಿ ಮೊದಲ ಬಾರಿಗೆ ‘ಎರಡೂ ರೆಪ್ಪೆಗಳಲ್ಲಿ ಊತ, ನೀಲಿ’ ಎಂದಿದೆ. ಸ್ಕ್ಯಾನ್ ವರದಿಯಲ್ಲಿ ಎರಡೂ ಕಣ್ಣುಗೂಡುಗಳ ಛಾವಣಿಯಲ್ಲಿ ಬಿರುಕು, ಮುಂಭಾಗದ ಹಾಲೆಗಳಲ್ಲಿ ಜಜ್ಜು, ಪೊರೆಯ ಕೆಳಗೆ ತೆಳುವಾದ ರಕ್ತದ ಪದರ. ಎದೆ, ತೋಳು ಮತ್ತು ಅಂಗೈಗಳಲ್ಲಿ ಗಾಯದ ನಮೂದು ಎಲ್ಲಿಯೂ ಇಲ್ಲ.

ಆದರೆ ಈಗ ಇನ್ನೊಂದು ಕಷ್ಟ ಎದುರಾಗಿದೆ. ಇಲ್ಲಿಯ ಬರಹಗಳನ್ನು ನನ್ನ ತಂಗಿ ಚಿಕ್ಕಮ್ಮನಿಗೆ ಓದಿ ಹೇಳಿದಳು. ಆ ದಿನ ಐದೂಕಾಲಿಗೆ ದೊಪ್ಪೆಂದು ಶಬ್ದ ಕೇಳಿತ್ತಂತೆ. ಪಕ್ಕದವರ ತೆಂಗಿನ ಗರಿ ಬಿತ್ತೆಂದುಕೊಂಡು ಮತ್ತೆ ಮಗ್ಗುಲಾದರಂತೆ. ಕಾಫಿ ಕುಡಿದು ಮಲಗಿದ ಹುಡುಗನ ಕಥೆ ಕೇಳಿದಂದಿನಿಂದ ಅವರು ಊಟ ಬಿಟ್ಟಿದ್ದಾರೆ. ಆ ಮುಕ್ಕಾಲು ಗಂಟೆಯಲ್ಲಿ ತಾನು ಎದ್ದು ಹೋಗಿದ್ದರೆ ಉಳಿಯುತ್ತಿದ್ದರೇ ಎಂಬುದೊಂದೇ ಅವರ ಪ್ರಶ್ನೆ. ಸಮಾಧಾನಕ್ಕಾಗಿ ಸುಳ್ಳು ಹೇಳಬೇಡಿ ಎಂದು ಅವರೇ ಹೇಳಿದ್ದಾರೆ.

ತುರ್ತು ವಿಭಾಗದ ದಾದಿ, ಹೊಸೂರು ರಸ್ತೆ

ನಾನು ಬರೆದದ್ದು ಅವರಿಗೆ ಹೀಗೆ ತಟ್ಟಿತೆಂದು ತಿಳಿದು ಬಹಳ ನೋವಾಯಿತು. ಆ ಹುಡುಗನ ಗಾಯ ಬೇರೆ, ನಿಮ್ಮ ಚಿಕ್ಕಪ್ಪನವರ ಗಾಯ ಬೇರೆ ಎಂದು ನಾನು ಅಲ್ಲಿಯೇ ಬರೆಯಬೇಕಿತ್ತು. ವೈದ್ಯರು ದಯವಿಟ್ಟು ವಿವರಿಸಬೇಕು.

ನಿವೃತ್ತ ನ್ಯಾಯವೈದ್ಯಶಾಸ್ತ್ರ ಅಧ್ಯಾಪಕ, ಜಯನಗರ

ಸುಳ್ಳು ಹೇಳುವುದಿಲ್ಲ. ನಿಮ್ಮ ಚಿಕ್ಕಮ್ಮನವರಿಗೆ ಇದನ್ನು ಹೀಗೆಯೇ ಓದಿ ಹೇಳಿ.

ಅಮ್ಮ, ಆ ಹುಡುಗನನ್ನು ಕೊಂದದ್ದು ಬುರುಡೆಗೂ ಪೊರೆಗೂ ನಡುವೆ ಶೇಖರವಾದ ರಕ್ತ. ಅದರ ಕೆಳಗಿನ ಮೆದುಳು ಮೊದಲಿಗೆ ಚೆನ್ನಾಗಿಯೇ ಇತ್ತು. ಆದ್ದರಿಂದ ರಕ್ತ ತೆಗೆದರೆ ಉಳಿಯುವ ಅವಕಾಶವಿತ್ತು, ಅಲ್ಲಿ ನಿಮಿಷಗಳಿಗೆ ಬೆಲೆಯಿತ್ತು. ನಿಮ್ಮ ಯಜಮಾನರ ಸ್ಕ್ಯಾನಿನಲ್ಲಿ ಅಂಥ ಗಡ್ಡೆ ಇಲ್ಲ. ಇದ್ದದ್ದು ತೆಳುವಾದ ಒಂದು ಪದರ. ಅದು ಪ್ರಾಣ ತೆಗೆಯುವಷ್ಟು ದೊಡ್ಡದಲ್ಲ. ಅವರ ಮೆದುಳಿನ ಮುಂಭಾಗದ ಎರಡೂ ಬದಿ ಮತ್ತು ಪಕ್ಕದ ಎರಡೂ ತುದಿ ಬಿದ್ದ ಕ್ಷಣದಲ್ಲೇ ಜಜ್ಜಿದ್ದವು. ನಿಂತ ಎತ್ತರದಿಂದ ಬಿದ್ದರೂ ತಲೆ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 20 ಕಿ.ಮೀ. ಇರುತ್ತದೆ, ಮೆಟ್ಟಿಲಿನಿಂದ ಬಿದ್ದರೆ ಇನ್ನೂ ಹೆಚ್ಚು. ಜಜ್ಜಿದ ಮೆದುಳು ಮುಂದಿನ ಎರಡು ಮೂರು ದಿನ ಊದುತ್ತಾ ಹೋಗುತ್ತದೆ. ಮರಣೋತ್ತರ ವರದಿಯಲ್ಲಿ ಮೆದುಳಿನ ಮಡಿಕೆಗಳು ಚಪ್ಪಟೆಯಾಗಿವೆ ಎಂದು ಬರೆದಿದ್ದರೆ, ಅದು ಆ ಊತದ ಗುರುತು. ಸಾವಿಗೆ ಕಾರಣವಾದದ್ದು ಅದೇ ಎಂದು ನನಗೆ ತೋರುತ್ತದೆ, ಮತ್ತು ಅದು ಆಸ್ಪತ್ರೆಯ ಒಳಗೆ, ಔಷಧಿಗಳ ನಡುವೆಯೇ ನಡೆದದ್ದು.

ಮುಕ್ಕಾಲು ಗಂಟೆ ಮೊದಲು ಕರೆದೊಯ್ದಿದ್ದರೆ ಒಂದಿಷ್ಟೂ ವ್ಯತ್ಯಾಸವಾಗುತ್ತಿರಲಿಲ್ಲ ಎಂದು ಆಣೆಯಿಟ್ಟು ಹೇಳಲು ಯಾವ ವೈದ್ಯನಿಗೂ ಸಾಧ್ಯವಿಲ್ಲ. ಆದರೆ ಈ ಕಾಗದಗಳನ್ನು ನ್ಯಾಯಾಲಯದಲ್ಲಿ ನನ್ನ ಮುಂದಿಟ್ಟು, ಆ ತಡವೇ ಸಾವಿಗೆ ಕಾರಣವೇ ಎಂದು ಪ್ರಮಾಣವಚನದ ಮೇಲೆ ಕೇಳಿದರೆ, ಅಲ್ಲ ಎಂದೇ ಉತ್ತರಿಸುತ್ತೇನೆ. ಇನ್ನೊಂದು ಮಾತು. ಅಂಗೈಯಲ್ಲಿ ತರಚಿಲ್ಲ, ಬಂದಾಗಲೇ ಅಂಕ 4. ಇಂಥ ಪೆಟ್ಟಿನಲ್ಲಿ ಎಚ್ಚರ ತಪ್ಪುವುದು ಬಡಿದ ಕ್ಷಣದಲ್ಲೇ. ಮೆಟ್ಟಿಲ ಬುಡದಲ್ಲಿ ಅವರು ನಿಮ್ಮನ್ನು ಕೂಗಿ, ನೀವು ಕೇಳಿಸಿಕೊಳ್ಳಲಿಲ್ಲ ಎಂಬಂಥದ್ದು ನಡೆದಿರಲಿಕ್ಕಿಲ್ಲ.

ಹನುಮಂತನಗರದ ನಿವಾಸಿ

ಓದಿ ಹೇಳಿದೆ, ಸರ್. ಎರಡು ಸಲ ಓದಿಸಿಕೊಂಡರು. ಆಮೇಲೆ ಆ ಸ್ಕ್ಯಾನ್ ಚಿತ್ರವನ್ನು ತರಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಜಜ್ಜಿದ ಜಾಗ ಯಾವುದೆಂದು ಬೆರಳಿಟ್ಟು ತೋರಿಸಲು ಹೇಳಿದರು. ತೋರಿಸಿದೆ. ಮಡಿಚಿ ತಮ್ಮ ಬೀರುವಿನಲ್ಲಿ ಇಟ್ಟುಕೊಂಡಿದ್ದಾರೆ; ತನಿಖಾಧಿಕಾರಿ ಕೇಳಿದಾಗ ಕೊಡುತ್ತೇನೆ ಎಂದಿದ್ದಾರೆ. ಮಡಿವಾಳದ ವರದಿ ಇನ್ನೂ ಬರಬೇಕಿದೆ. ಬಂದ ದಿನ ಇಲ್ಲಿಯೇ ಬರೆಯುತ್ತೇನೆ.